10 ಮೀಟರ್ ಒಳಗೆ ಯಾರೋ ಇದ್ದಾರೆ

ಕೇಳುಗರಿಗೆಲ್ಲ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಪ್ರೀತಿಯ ಬಗ್ಗೆ ಮಾತಾಡಲು ಇವರನ್ನು ಯಾಕೆ ಕರೆದರು ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಇದಕ್ಕೆಲ್ಲ ಕಾರಣ ನನ್ನ ವಿದ್ಯಾರ್ಥಿನಿಯರು. 'ಮೇಡಂ, ಇದು ನಿಮ್ಮ ಸಬ್ಜೆಕ್ಟೇ, ನೋಡಿ' ಅಂತ ಒಂದು ಕೊರಿಯನ್ ಧಾರಾವಾಹಿ ತೋರಿಸಿದರು. 'ಲವ್ ಅಲಾರ್ಮ್' ಅಂತ. ನೆಟ್‌ಫ್ಲಿಕ್ಸ್‌ನಲ್ಲಿ 2019ರಲ್ಲಿ ಬಂದದ್ದು, 8 ಕಂತು. ಎರಡೇ ರಾತ್ರಿಯಲ್ಲಿ ಮುಗಿಸಿದೆ. ತಿದ್ದಬೇಕಾದ ಪೇಪರ್ ಕಟ್ಟು ಮೇಜಿನ ಮೇಲೇ ಇತ್ತು, ಇರಲಿ ಬಿಡಿ.

ಕಥೆ ಹೀಗೆ. ಒಂದು ಆ್ಯಪ್ ಇದೆ. ನಿಮ್ಮನ್ನು ಪ್ರೀತಿಸುವವರು 10 ಮೀಟರ್ ಒಳಗೆ ಬಂದರೆ ನಿಮ್ಮ ಫೋನ್ ಸದ್ದು ಮಾಡುತ್ತದೆ. ಎಷ್ಟು ಜನ ಅಂತ ಹೇಳುತ್ತದೆ, ಯಾರು ಅಂತ ಹೇಳುವುದಿಲ್ಲ. ಸುತ್ತ ಜನ ಇದ್ದರೆ ಫಜೀತಿ, ಅಲ್ವಾ? ನಾಯಕಿಯ ಹೆಸರು ಜೋಜೋ. ನಗಬೇಡಿ, ನಮ್ಮಲ್ಲಿ ಅದು ತೊಟ್ಟಿಲು ತೂಗುವ ಹಾಡು, ಅಲ್ಲಿ ಹುಡುಗಿಯ ಹೆಸರು. ಅಪ್ಪ ಅಮ್ಮ ಇಲ್ಲ, ಬಂಧುಗಳ ಮನೆಯಲ್ಲಿ ಬೆಳೆದವಳು. ಅವಳ ಹಿಂದೆ ಇಬ್ಬರು ಹುಡುಗರು. ದೊಡ್ಡ ಮನೆಯ ಸನ್‌ಓ, ಅದೇ ಮನೆಯಲ್ಲಿ ಕೆಲಸ ಮಾಡುವ ಹೆಂಗಸಿನ ಮಗ ಹ್ಯೇಯೊಂಗ್. ಇಬ್ಬರೂ ಸ್ನೇಹಿತರು.

ಈಗ ನನ್ನ ಮಾತು. ಫೋನಿಗೆ ದೂರ ಗೊತ್ತಾಗುತ್ತದೆ. ಮನಸ್ಸು ಗೊತ್ತಾಗುವುದಿಲ್ಲ. ಇಷ್ಟನ್ನು ಹೇಳಲಿಕ್ಕೇ ನಾನು ಬಂದಿರುವುದು.

ದೂರವಾದರೂ ಸರಿಯಾಗಿ ಗೊತ್ತಾಗುತ್ತದೆಯೇ? ಹತ್ತಿರ ಯಾರಿದ್ದಾರೆ ಅಂತ ತಿಳಿಯಲು ಫೋನಿಗೆ ಇರುವ ಒಂದು ದಾರಿ ಬ್ಲೂಟೂತ್. ಬ್ಲೂಟೂತ್ ಅಂದರೆ ಸಣ್ಣ ರೇಡಿಯೊ. ನೀವು ಈಗ ಕೇಳುತ್ತಿರುವ ರೇಡಿಯೊದ ಮರಿ ಅನ್ನಿ. ಸಿಗ್ನಲ್ ಜೋರಾಗಿದ್ದರೆ ಹತ್ತಿರ, ಮೆಲ್ಲಗಿದ್ದರೆ ದೂರ, ಇದು ಅದರ ಲೆಕ್ಕ. ನಡುವೆ ಒಬ್ಬ ಮನುಷ್ಯ ನಿಂತರೂ ಸಿಗ್ನಲ್ ಕುಗ್ಗುತ್ತದೆ, ಯಾಕೆಂದರೆ ನಮ್ಮ ಮೈಯಲ್ಲಿ ಹೆಚ್ಚಿನದು ನೀರು. 2020ರಲ್ಲಿ ಕೋವಿಡ್ ಬಂದಾಗ 'ಆರೋಗ್ಯ ಸೇತು' ಆ್ಯಪ್ ಕೂಡ ಬ್ಲೂಟೂತ್ ಬಳಸಿಯೇ ಪಕ್ಕದಲ್ಲಿದ್ದವರನ್ನು ಗುರುತಿಟ್ಟುಕೊಳ್ಳುತ್ತಿತ್ತು. ನಡುವೆ ಗೋಡೆ ಇದೆಯೋ ಇಲ್ಲವೋ ಬ್ಲೂಟೂತ್‌ಗೆ ತಿಳಿಯದು.

'ಹೃದಯ ಬಡಿತ ಅಳೆದರೆ ಆಯ್ತಲ್ಲ ಮೇಡಂ' ಅಂದರು ನಮ್ಮ ಹುಡುಗರು. ಆಯ್ತು, ಮಾಡಿ ಅಂದೆ. ಕಾಲೇಜ್ ಡೇಗೆ ಎರಡು ಸಣ್ಣ ಡಬ್ಬಿ ಮಾಡಿದರು. ಬೆರಳಿಟ್ಟರೆ ನಾಡಿ ಓದುತ್ತದೆ. ಎರಡೂ ಡಬ್ಬಿ ಹತ್ತಿರ ಇದ್ದು, ಇಬ್ಬರ ನಾಡಿಯೂ ನಿಮಿಷಕ್ಕೆ 100 ದಾಟಿದರೆ ಬಜರ್ ಕೂಗುತ್ತದೆ. ಸ್ಟಾಲ್ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮೊದಲ ಒಂದು ಗಂಟೆ ಏನೂ ಕೂಗಲಿಲ್ಲ. ಜೋಡಿ ಜೋಡಿಯಾಗಿ ಬಂದವರು ಮುಖ ಸಪ್ಪೆ ಮಾಡಿಕೊಂಡು ಹೋದರು. ಒಬ್ಬ ಹುಡುಗಿ ಅಂತೂ ಜೊತೆಗಿದ್ದವನನ್ನು ದುರುಗುಟ್ಟಿ ನೋಡಿ ಒಬ್ಬಳೇ ಇಳಿದು ಹೋದಳು. ಆಮೇಲೆ ನಮ್ಮ ಫಿಸಿಕ್ಸ್ ಮೇಷ್ಟ್ರು ಬಂದರು. ನಿವೃತ್ತಿಗೆ ಎರಡು ವರ್ಷ ಬಾಕಿ, ಮೆಟ್ಟಿಲು ಹತ್ತಿ ಏದುಸಿರು. ಅವರ ಎದುರಿಗೆ ಆಗಲೇ ಡಬ್ಬಿಗೆ ಬೆರಳಿಟ್ಟು ನಿಂತಿದ್ದವರು ನಮ್ಮ ಸ್ಟೋರ್ ಕೀಪರ್. ಇವರಿಬ್ಬರಿಗೂ ಸ್ಟಾಕ್ ರಿಜಿಸ್ಟರ್ ವಿಷಯಕ್ಕೆ ಇಪ್ಪತ್ತು ವರ್ಷದಿಂದ ಮಾತಿಲ್ಲ. ಕಳೆದುಹೋದ ಮೂರು ವೋಲ್ಟ್‌ಮೀಟರಿನ ಜಗಳ ಅದು. ಮೇಷ್ಟ್ರ ಮುಖ ಕಂಡಿದ್ದೇ ಸ್ಟೋರ್ ಕೀಪರ್ ಸಿಟ್ಟಿನಿಂದ ಕೆಂಪಾದರು. ಮೇಷ್ಟ್ರು ಇನ್ನೊಂದು ಡಬ್ಬಿಗೆ ಬೆರಳಿಟ್ಟರು. ಬಜರ್ ಕೂಗಿತು ನೋಡಿ! ಇಡೀ ಕಾರಿಡಾರ್ ಚಪ್ಪಾಳೆ. 'ಕಂಗ್ರಾಟ್ಸ್ ಸಾರ್' ಅಂತ ಒಬ್ಬ ಕೂಗಿಯೇ ಬಿಟ್ಟ. ಇಬ್ಬರೂ ನಗಲಿಲ್ಲ. ಮೇಷ್ಟ್ರು ಬೆರಳು ತೆಗೆದು, 'ಆ ವೋಲ್ಟ್‌ಮೀಟರ್ ನಾನು ತಗೊಂಡಿಲ್ಲ ಕಣ್ರೀ' ಅಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಮಾತು.

ಒಬ್ಬರಿಗೆ ಮೆಟ್ಟಿಲು, ಇನ್ನೊಬ್ಬರಿಗೆ ಸಿಟ್ಟು. ಡಬ್ಬಿಗೆ ಎರಡೂ ಪ್ರೀತಿ. ಗೊತ್ತಾಯ್ತಾ? ಮನಸ್ಸು ಅದಕ್ಕೆ ಗೊತ್ತಾಗುವುದಿಲ್ಲ.

ಈ ಕಥೆಗೇ ಸಮಯ ಜಾಸ್ತಿ ಹೋಯಿತು. ಜಪಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. 1998ರಲ್ಲೇ ಅಲ್ಲಿ 'ಲವ್‌ಗೆಟಿ' ಅಂತ ಮುಷ್ಟಿಯಲ್ಲಿ ಹಿಡಿಸುವ ಆಟಿಕೆ ಬಂದಿತ್ತು. ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು. ಕೆಲವೇ ಮೀಟರ್ ದೂರದಲ್ಲಿ ಜೋಡಿ ಸಿಕ್ಕರೆ ಸದ್ದು. ಆದರೆ ಸುಮ್ನೆ ಹರಟೆಯೋ, ಕ್ಯಾರಿಯೋಕೆ ಹಾಡೋ, ಇನ್ನೂ ಮುಂದಿನದೋ ಅಂತ ಬಟನ್ ಒತ್ತಿ ನೀವೇ ಹೇಳಬೇಕಿತ್ತು. ಆ ಆಟಿಕೆ ಮನಸ್ಸು ಓದುತ್ತೇನೆ ಅಂತ ಜಂಬ ಕೊಚ್ಚಲಿಲ್ಲ. ನನಗೆ ಅದೇ ಇಷ್ಟ.

ಮತ್ತೆ ಜೋಜೋ. ಸಹಪಾಠಿಯೊಬ್ಬ ಅವಳಿಗೆ 'ಶೀಲ್ಡ್' ಅಂತ, ಆ ಆ್ಯಪಿಗೇ ಒಂದು ತಡೆ ಕೊಡುತ್ತಾನೆ. ಅದನ್ನು ಹಾಕಿಕೊಂಡರೆ ಅವಳು ಯಾರನ್ನು ಪ್ರೀತಿಸಿದರೂ ಅವರ ಫೋನ್ ಕೂಗುವುದಿಲ್ಲ. ಪ್ರೀತಿ ಇದೆ, ಸದ್ದಿಲ್ಲ. ಸನ್‌ಓ ಫೋನ್ ನೋಡುತ್ತಾನೆ, ಪ್ರೀತಿ ಸತ್ತಿತು ಅಂದುಕೊಳ್ಳುತ್ತಾನೆ. ಎದುರಿಗೇ ನಿಂತಿದ್ದಾಳೆ, ಕಣ್ಣು ತುಂಬಿದೆ, ಕೇಳೋ ಮಾರಾಯಾ! ನಾನು ಟಿವಿಗೇ ಬೈದೆ. 2021ರ ಎರಡನೇ ಸೀಸನ್‌ನಲ್ಲಿ ಆ್ಯಪ್ ಇನ್ನೂ ಮುಂದೆ ಹೋಗಿ, ನಿಮ್ಮನ್ನು ಮುಂದೆ ಪ್ರೀತಿಸಬಹುದಾದವರ ಪಟ್ಟಿಯನ್ನೇ ಕೊಡುತ್ತದೆ. ನಮ್ಮ ಮದುವೆ ದಲ್ಲಾಳಿಗಳೂ ಅಷ್ಟು ಧೈರ್ಯ ಮಾಡಲಾರರು. ಜೋಜೋ ಕೊನೆಗೆ ಆರಿಸಿಕೊಳ್ಳುವುದು ಹ್ಯೇಯೊಂಗ್‌ನನ್ನು, ಅಲಾರ್ಮಿಗೆ ಕಾಯದೆ ಅವಳನ್ನು ಮಾತಾಡಿಸುತ್ತಾ ಬಂದವನನ್ನು.

ನೋಡುವುದಾದರೆ ಮೊದಲ ಸೀಸನ್ ನೋಡಿ. ಶೀಲ್ಡ್ ಬಂದ ಮೇಲೆ ಜೋಜೋ ಪಾತ್ರದ ಕಿಮ್ ಸೋ-ಹ್ಯುನ್ ಮುಖ ಗಮನಿಸಿ. ಆ ಹೊತ್ತಿನಲ್ಲಿ ನಿಮ್ಮ ಫೋನ್ ಬಂದರೆ ತೆಗೆಯಬೇಡಿ. ನಮಸ್ಕಾರ.