ಅಘನಾಶಿನಿ ಸುತ್ತ ಸೈಕಲ್: ಬೆಂಗಳೂರಿನ ಕಾಲಿಗೆ ಕರಾವಳಿ ಯಾಕೆ ಭಾರ?

[ದೃಶ್ಯ: ಬೆಳಗಿನ ಐದೂವರೆ. ಯಲಹಂಕ ದಾಟಿದ ಬಳ್ಳಾರಿ ರಸ್ತೆ, ಸಾಲಾಗಿ ಮಿನುಗುವ ಸೈಕಲ್ ದೀಪಗಳು.]

ಬೆಂಗಳೂರಲ್ಲಿ ರೋಡ್ ಬೈಕ್ ಇಟ್ಕೊಂಡಿರೋ ಯಾರನ್ನ ಕೇಳಿದ್ರೂ ಒಂದು ಲೆಕ್ಕ ಬಾಯಲ್ಲೇ ಇರುತ್ತೆ: ನಂದಿ ಬೆಟ್ಟ ಹತ್ತೋಕೆ ಎಷ್ಟು ನಿಮಿಷ ಅಂತ. ನಂದೂ ಇತ್ತು. ಆ ಧೈರ್ಯದಲ್ಲೇ ಒಂದು ಮಾರ್ಚ್‌ನಲ್ಲಿ ಉತ್ತರ ಕನ್ನಡ ಕರಾವಳಿಯ ಕುಮಟಾಕ್ಕೆ ಹೋದೆ. ಅಘನಾಶಿನಿ ನದಿ ಕಡಲು ಸೇರೋ ಅಳಿವೆಯನ್ನ ಸುತ್ತಿ ಬರೋ ದಾರಿ, ಐವತ್ತು ಕಿಲೋಮೀಟರ್ ಆಸುಪಾಸು, ದೊಡ್ಡ ಏರೇ ಇಲ್ಲ. ಮೂವತ್ತೈದು ದಾಟೋದರೊಳಗೆ ಎರಡೂ ಮೀನಖಂಡ ಹಿಡ್ಕೊಂಡು, ತೆಂಗಿನ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದೆ.

ಕಾಲಿನ ಶಕ್ತಿ ಎಲ್ಲೂ ಹೋಗಿರಲಿಲ್ಲ. ಅಲ್ಲಿನ ಗಾಳಿಯೇ ಬೇರೆ ಥರ ಇತ್ತು, ಅಷ್ಟೆ.

[ದೃಶ್ಯ: ಎಡಕ್ಕೆ ಬೆಂಗಳೂರು, ಬಲಕ್ಕೆ ಕುಮಟಾ. ಎತ್ತರ ತೋರಿಸುವ ಸರಳ ಚಿತ್ರ.]

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರ ಹತ್ತಿರ 10 ಪ್ರತಿಶತ ಕಡಿಮೆ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಮ್ಮ ಶ್ರಮದ ಬಹುಪಾಲು ಖರ್ಚಾಗೋದು ಗಾಳಿಯನ್ನ ಸೀಳೋಕೆ. ಕೆಳಗಿಳಿದರೆ ಅದೇ ಗಾಳಿ ದಟ್ಟ. ಅಲ್ಲಿನ ಬಿಸಿಲು ಆ ದಟ್ಟತೆಯನ್ನ ಸ್ವಲ್ಪ ಇಳಿಸುತ್ತೆ, ಪೂರ್ತಿ ಅಲ್ಲ. ಹಾಗಾಗಿ ಅಷ್ಟೇ ತುಳಿದರೂ ಮೀಟರ್‌ನಲ್ಲಿ ವೇಗ ಒಂಚೂರು ಕಡಿಮೆ ಕಾಣುತ್ತೆ. ನಾವು ಅದನ್ನ ಒಪ್ಪದೆ ಇನ್ನೂ ಜೋರಾಗಿ ತುಳೀತೀವಿ.

ಅಲ್ಲಿಂದ ಶುರುವಾಗೋದು ನಿಜವಾದ ತೊಂದರೆ: ಬೆವರು.

ಕಾಲು ಪೆಡಲಿಗೆ 150 ವಾಟ್ ಕೊಡ್ತಿದೆ ಅಂದ್ಕೊಳ್ಳಿ. ಮನುಷ್ಯನ ದೇಹ ತಿಂದಿದ್ದರಲ್ಲಿ ನಾಲ್ಕನೇ ಒಂದು ಭಾಗ, ಕೆಲವೊಮ್ಮೆ ಐದನೇ ಒಂದು ಭಾಗ ಮಾತ್ರ ಚಲನೆಗೆ ಕೊಡುತ್ತೆ, ಉಳಿದದ್ದೆಲ್ಲ ಶಾಖ. ಅಂದರೆ ಒಳಗೆ ಸುಮಾರು 500 ವಾಟ್ ಒಲೆ ಉರೀತಿದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಹೆಚ್ಚುಕಡಿಮೆ 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತೆ. ಲೆಕ್ಕ ಹಾಕಿದರೆ ಗಂಟೆಗೆ ಮುಕ್ಕಾಲು ಲೀಟರ್ ಆವಿಯಾದರೆ ಸಾಕು. ಹೆಸರಘಟ್ಟದ ಒಣ ಗಾಳಿಯಲ್ಲಿ ಇದು ನಮಗೆ ಗೊತ್ತಾಗದ ಹಾಗೆ ಆಗ್ತಿರುತ್ತೆ. ಕುಮಟಾದ ಗಾಳಿ ಮೊದಲೇ ನೀರು ಕುಡಿದು ತುಂಬಿಕೊಂಡಿರುತ್ತೆ, ಇನ್ನಷ್ಟು ತಗೊಳ್ಳಲ್ಲ. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತೆ. ತೊಟ್ಟಿಕ್ಕಿದ ಬೆವರು ಮೈ ತಣಿಸಲ್ಲ. ದೇಹ ಇನ್ನೂ ಸುರಿಸುತ್ತೆ, ಜೊತೆಗೆ ಉಪ್ಪೂ ಹೋಗುತ್ತೆ, ಲೀಟರಿಗೆ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನ ತನಕ ಸೋಡಿಯಂ.

ನಾನು ಮಾಡಿದ್ದ ತಪ್ಪು ಇಲ್ಲೇ. ಎರಡು ಎಳನೀರು ಕುಡಿದಿದ್ದೆ, ಆಯ್ತು ಅಂದ್ಕೊಂಡಿದ್ದೆ. ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಹತ್ತಿರದ ಮನೆಯ ಅಮ್ಮ ಒಂದು ಚೊಂಬು ಅಪ್ಪೆಹುಳಿ ತಂದುಕೊಟ್ಟು, "ಉಪ್ಪು ಬೇಕು ತಮಾ, ಬರೀ ನೀರಲ್ಲ" ಅಂದರು. ಮಾವಿನ ಹುಳಿ, ಉಪ್ಪು, ಒಗ್ಗರಣೆ. ಅರ್ಧ ಗಂಟೆಯಲ್ಲಿ ಎದ್ದು ನಿಂತೆ. ಈಗ ನನ್ನ ಬಾಟಲಿಯಲ್ಲಿ ಯಾವಾಗಲೂ ಮುರುಗಲು (ಕೋಕಂ) ಹುಳಿ, ಚೂರು ಬೆಲ್ಲ, ಧಾರಾಳವಾಗಿ ಹಾಕಿದ ಉಪ್ಪು.

[ದೃಶ್ಯ: ನಕ್ಷೆ. ಕುಮಟಾದಿಂದ ಬಾಣದ ಗುರುತು ಉತ್ತರಕ್ಕೆ, ನಂತರ ಪಶ್ಚಿಮಕ್ಕೆ.]

ಸುತ್ತನ್ನ ಯಾವ ಕಡೆಯಿಂದ ಹಾಕಬೇಕು ಅನ್ನೋದಕ್ಕೂ ಕಾರಣ ಇದೆ. ರಾತ್ರಿ ನೆಲ ಸಮುದ್ರಕ್ಕಿಂತ ಬೇಗ ತಣ್ಣಗಾಗುತ್ತೆ, ಅದಕ್ಕೆ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತೆ. ಬಿಸಿಲೇರಿದ ಮೇಲೆ ಉಲ್ಟಾ. ಹಾಗಾಗಿ ಕತ್ತಲಿರುವಾಗಲೇ ಎದ್ದು, ಬೆಳಕು ಹರಿಯುತ್ತಲೇ ಕುಮಟಾ ಬಿಡಿ. ಹೆದ್ದಾರಿ 66ರಲ್ಲಿ ಲಾರಿ ಹೆಚ್ಚೋ ಮೊದಲೇ ಮಿರ್ಜಾನ್ ಸೇರಿ, ಸೇತುವೆ ದಾಟಿ, ಮಾದನಗೇರಿಯಲ್ಲಿ ಎಡಕ್ಕೆ ತಿರುಗಿ. ಗೋಕರ್ಣದ ಕಡೆ ಹೋಗುವಾಗ ಗಾಳಿ ಬೆನ್ನಿಗಿರುತ್ತೆ. ತಡದಿಯಿಂದ ದೋಣಿಯಲ್ಲಿ ಸೈಕಲ್ ಸಮೇತ ಅಘನಾಶಿನಿ ಊರಿಗೆ ದಾಟಿ, ಕಾಗಾಲ, ಬಾಡದ ಮೇಲೆ ವಾಪಸ್ ಬರೋ ಹೊತ್ತಿಗೆ ಕಡಲ ಗಾಳಿ ಎದ್ದಿದ್ದರೂ ಅದು ಎದುರಿಗಲ್ಲ, ಪಕ್ಕಕ್ಕೆ. ಮಿರ್ಜಾನ್ ಕೋಟೆಯನ್ನ ಸಂಜೆಗೆ ಇಟ್ಕೊಳ್ಳಿ.

[ದೃಶ್ಯ: ಸಾಣಿಕಟ್ಟಾದ ಉಪ್ಪಿನ ಗದ್ದೆಗಳು. ಬಿಳಿ ರಾಶಿಗಳು.]

ಗೋಕರ್ಣಕ್ಕೆ ಮೊದಲು ಸಾಣಿಕಟ್ಟಾ ಸಿಗುತ್ತೆ, ಅಲ್ಲಿ ಬೇಸಿಗೆಯಲ್ಲಿ ಉಪ್ಪು ತೆಗೀತಾರೆ. ಇಲ್ಲಿ ದಯವಿಟ್ಟು ಸೈಕಲ್ ನಿಲ್ಲಿಸಿ. ಇಲ್ಲಿಂದ ಮುಂದಕ್ಕೆ ಕಾಣೋದೆಲ್ಲ ಸಿಹಿನೀರು, ಉಪ್ಪುನೀರಿನ ಹೊಂದಾಣಿಕೆಯಿಂದಲೇ ಬದುಕಿರೋದು. ಸಿರ್ಸಿ ಹತ್ತಿರ ಹುಟ್ಟೋ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸಿಂಗಳೀಕಗಳಿಗಾಗಿ 2011ರಲ್ಲಿ ಕಾಯ್ದಿಟ್ಟ ಕಾಡನ್ನ ಹಾದು, ದೊಡ್ಡ ಅಣೆಕಟ್ಟು ಒಂದನ್ನೂ ಕಾಣದೆ ಇಲ್ಲಿಗೆ ಬರುತ್ತೆ. ಅದಕ್ಕೇ ಮಳೆಗಾಲದಲ್ಲಿ ಹೊಳೆ ತಂದ ಸಿಹಿನೀರು ಗಜನಿ, ಅಂದರೆ ಅಳಿವೆ ಪಕ್ಕದ ತಗ್ಗಿನ ಗದ್ದೆಗಳ ಉಪ್ಪನ್ನ ತೊಳೆಯುತ್ತೆ. ಆಗ ಅಲ್ಲಿ ಕಗ್ಗ ಭತ್ತ ಬೆಳೀತಾರೆ. ಚೂರು ಉಪ್ಪುನೀರು ನುಗ್ಗಿದರೂ ಸಾಯದ, ಗೊಬ್ಬರ ಕೇಳದ ತಳಿ ಅದು. ಕೊಯ್ಲಾದ ಮೇಲೆ ತೂಬು ತೆಗೆದು ಕಡಲಿನ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಏರಿಯ ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರು ಹೊರಗೆ ಚಾಚಿ ಉಸಿರಾಡ್ತಾ ಮಣ್ಣನ್ನ ಹಿಡ್ಕೊಂಡಿರುತ್ತೆ, ಮರಿಮೀನಿಗೆ ಮನೆಯಾಗುತ್ತೆ.

4,801 ಹೆಕ್ಟೇರಿನ ಈ ಅಳಿವೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆರರಿಂದ ಏಳೂವರೆ ಸಾವಿರ ಕುಟುಂಬಗಳ ಹೊಟ್ಟೆಪಾಡು ಇದರ ಮೇಲಿದೆ. ಹಿಂದೆ ಇದೇ ತಡದಿಯಲ್ಲಿ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರೋದಿತ್ತು, ಊರಿನ ಜನರ ವಿರೋಧಕ್ಕೆ ನಿಂತುಹೋಯ್ತು. ಆ ವಿರೋಧ ಇರದಿದ್ದರೆ ನಾನು ಈ ವಿಡಿಯೋ ಮಾಡ್ತಿರಲಿಲ್ಲ.

[ದೃಶ್ಯ: ಗಜನಿ ಏರಿ. ಸೈಕಲ್ ಕೈಯಲ್ಲಿ ಹಿಡಿದು ನಡೆಯುತ್ತಿರುವ ಸವಾರ.]

ಗಜನಿ ಏರಿ ಮೇಲೆ ಸೈಕಲ್ ಓಡಿಸಬೇಡಿ. ಅದು ಮಣ್ಣಿನ ಕಟ್ಟು, ಒಂದು ಕಡೆ ಕುಸಿದರೆ ಇಡೀ ಗದ್ದೆಗೆ ಉಪ್ಪು ನುಗ್ಗುತ್ತೆ. ಹಳ್ಳಿ ರಸ್ತೆಯ ಅಂಚಲ್ಲಿ ಮೀನು ಒಣಗಿಸಿರ್ತಾರೆ, ಅಲ್ಲಿ ಗುಂಪಾಗಿ ನುಗ್ಗೋದು ಬೇಡ.

ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ವಲಸೆ ಹಕ್ಕಿಗಳೂ ಇರುತ್ತೆ, ಸೆಕೆಯೂ ಸಹಿಸೋ ಹಾಗಿರುತ್ತೆ. ಮಾರ್ಚ್ ಬಂದರೆ ಮೊದಲ ದಿನ ಇಪ್ಪತ್ತು ಕಿಲೋಮೀಟರ್ ಸಾಕು, ದೇಹ ಸೆಕೆಗೆ ಪೂರ್ತಿ ಒಗ್ಗೋಕೆ ಹತ್ತು ದಿನವಾದರೂ ಬೇಕು. ವಾಪಸ್ ಬಂದ ರಾತ್ರಿಯೇ ಸೈಕಲ್‌ಗೆ ಸಿಹಿನೀರು ಹಾಕಿ, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಸೀಟ್‌ಪೋಸ್ಟ್ ಬಿಚ್ಚಿ ಗ್ರೀಸ್ ಹಚ್ಚಿ, ಉಪ್ಪು ಹಿಡಿದರೆ ಆಮೇಲೆ ಅದು ಅಲ್ಲಾಡಲ್ಲ.

ಹೊರಡೋ ಮೊದಲು ಇಳಿತದ ಹೊತ್ತು ನೋಡ್ಕೊಳ್ಳಿ. ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗ್ತಾ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತುಂಬಾ ಕೆಳಗೆ ಹೋಗುತ್ತೆ. ಆ ಹೊತ್ತಿಗೆ ನೀವು ತಡದಿಯ ದೋಣಿಯಲ್ಲಿದ್ದರೆ, ಹೊಳೆ ನಡುವೆ ಎದ್ದ ಮರಳ ದಿಬ್ಬದ ಪಕ್ಕ ಸೊಂಟಮಟ್ಟದ ನೀರಲ್ಲಿ ಬುಟ್ಟಿ ತೇಲಿಬಿಟ್ಟು, ಕಾಲಲ್ಲೇ ತಡಕಿ ಬಳಚು (ಚಿಪ್ಪುಮೀನು) ಆರಿಸೋ ಹೆಂಗಸರು ಕಾಣ್ತಾರೆ.