ಅಜ್ಜಿಯ ಮುಖದೊಳಗೆ ಅಡಿಕೆ ತೋಟ

ಮೊದಲು ಈ ಫೋಟೋ ನೋಡಿ. ಅಜ್ಜಿ ಜಗಲಿ ತುದಿಯಲ್ಲಿ ಕೂತಿದ್ದಾರೆ, ಮುಖ ತೋಟದ ಕಡೆಗೆ. ಹಿಂದೆ ಮೋಡ ಕವಿದ ಬಿಳಿ ಆಕಾಶ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ, ಜುಲೈ ತಿಂಗಳು. ಈಗ ಇನ್ನೊಂದು. ಮನೆ ಕೆಳಗಿನ ಅಡಿಕೆ ತೋಟ, ಮಳೆ ನಿಂತ ಹತ್ತು ನಿಮಿಷಕ್ಕೆ ತೆಗೆದದ್ದು. ಮರಗಳ ಮಧ್ಯೆ ಇನ್ನೂ ಮಂಜು ಇದೆ.

ಈ ಎರಡು ಫೋಟೋ ಸೇರಿಸಿ ಒಂದು ಮಾಡಬೇಕು, ಅಜ್ಜಿ ಮುಖದೊಳಗೇ ತೋಟ ಕಾಣಬೇಕು ಅಂತ ನನಗೆ ತುಂಬಾ ದಿನದ ಆಸೆ. ಅವರ ಅರ್ಧ ಆಯಸ್ಸು ಆ ತೋಟದಲ್ಲೇ ಕಳೆದಿದೆ. ಮೂರು ವಾರ ರಾತ್ರಿ ಊಟ ಆದಮೇಲೆ ಕೂತು ಇದನ್ನು ಕಲಿತೆ.

ಹೀಗೆ ಎರಡು ಫೋಟೋ ಒಂದರ ಮೇಲೊಂದು ಸೇರಿಸೋದಕ್ಕೆ ಡಬಲ್ ಎಕ್ಸ್‌ಪೋಷರ್ ಅಂತಾರೆ. ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ್ದಲ್ಲ. ರೀಲ್ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದು, ರೀಲ್ ಮುಂದಕ್ಕೆ ಸುತ್ತದೆ, ಅದೇ ಜಾಗದಲ್ಲಿ ಇನ್ನೊಂದು ತೆಗೆಯುತ್ತಿದ್ದರು. ಎರಡು ಸಲ ಬೆಳಕು ಬೀಳುತ್ತದಲ್ಲ, ಅದಕ್ಕೆ ಪ್ರತಿ ಸಲ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕು ಮಾತ್ರ ಬಿಡಬೇಕಿತ್ತು. ಸುಮ್ನೆ ತೆಗೆದರೆ ಎಲ್ಲ ಬೆಳ್ಳಗಾಗಿ ಹೋಗುತ್ತಿತ್ತು.

ನಾನು ಬಳಸೋದು ಗಿಂಪ್ ಅನ್ನೋ ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ. ಕೆಳಗೆ ಅಜ್ಜಿ ಫೋಟೋ, ಮೇಲೆ ತೋಟದ ಲೇಯರ್, ಅಂದರೆ ಪದರ. ಮೇಲಿನ ಪದರ ಕೆಳಗಿನದರ ಜೊತೆ ಹೇಗೆ ಬೆರೆಯಬೇಕು ಅನ್ನೋದು ಮೋಡ್, ನಾನು ಆರಿಸಿದ್ದು ಸ್ಕ್ರೀನ್. ಒಂದೇ ಗೋಡೆ ಮೇಲೆ ಎರಡು ಪ್ರೊಜೆಕ್ಟರ್ ಬಿಟ್ಟ ಹಾಗೆ ಇದು. ಬೆಳಕಿಗೆ ಬೆಳಕು ಸೇರುತ್ತಾ ಹೋಗುತ್ತದೆ. ಕಂಪ್ಯೂಟರ್ ಬೆಳಕನ್ನು ಅಂಕಿಯಲ್ಲಿ ಅಳೆಯುತ್ತದೆ, ಕಪ್ಪು ಅಂದರೆ 0, ಬಿಳಿ ಅಂದರೆ 255. ಕಪ್ಪಿನ ಮೇಲೆ ಏನೇ ಬಿದ್ದರೂ ಅದು ಹಾಗೇ ಕಾಣುತ್ತದೆ. ಬಿಳಿ ಮೇಲೆ ಏನೇ ಬಿದ್ದರೂ ಬಿಳಿಯೇ. 128ರ ಮೇಲೆ ಇನ್ನೊಂದು 128 ಬಿದ್ದರೆ ಸುಮಾರು 192 ಆಗುತ್ತದೆ. ಅದೇ ಎರಡಕ್ಕೆ ಚಿತ್ರವನ್ನು ಗಾಢ ಮಾಡುವ ಮಲ್ಟಿಪ್ಲೈ ಮೋಡ್ ಹಾಕಿದರೆ 64ಕ್ಕೆ ಇಳಿಯುತ್ತದೆ.

ಹಾಗಾಗಿ ತೋಟಕ್ಕೆ ಜಾಗ ಸಿಗೋದು ಅಜ್ಜಿ ಮುಖದ ನೆರಳಿನಲ್ಲಿ. ಇದು ಗೊತ್ತಾದ ದಿನ ನನಗೆ ಎಷ್ಟು ಖುಷಿ ಆಯ್ತು ಅಂದರೆ, ಹಳೇ ಫೋಟೋ ಎಲ್ಲ ತೆಗೆದು ಬರೀ ನೆರಳು ಹುಡುಕುತ್ತಾ ಕೂತೆ. ಅಷ್ಟು ದಿನ ಮುಖ ಚೆನ್ನಾಗಿ ಬೆಳಗಬೇಕು ಅಂತಲೇ ಫೋಟೋ ತೆಗೆದಿದ್ದೆ. ಇದಕ್ಕೆ ಬೇಕಾದದ್ದು ಹಿಂದೆ ಬೆಳಕು, ಮುಂದೆ ಕತ್ತಲು.

ಅಜ್ಜಿ ಕೂದಲು ಮಾತ್ರ ನಿಜವಾದ ಕಷ್ಟ ಕೊಟ್ಟಿತು. ಪೂರ್ತಿ ಬಿಳಿ ಕೂದಲು, ಹಿಂದಿನ ಆಕಾಶವೂ ಬಿಳಿ. ಸ್ಕ್ರೀನ್ ಹಾಕಿದ ತಕ್ಷಣ ತುರುಬು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತೇ ಆಗಲಿಲ್ಲ. ಬೆಳಕು ಕತ್ತಲು ಹೆಚ್ಚು ಕಡಿಮೆ ಮಾಡುವ ಕರ್ವ್ಸ್ ಎಳೆದು ಕೂದಲನ್ನು ಕಪ್ಪು ಮಾಡಬಹುದಿತ್ತು. ಮಾಡಿ ನೋಡಿದೆ. ಅದು ಅಜ್ಜಿ ಅನ್ನಿಸಲಿಲ್ಲ. ತುರುಬಿನ ಅಂಚನ್ನು ಮಾತ್ರ ಸಣ್ಣ ಬ್ರಷ್‌ನಲ್ಲಿ ತುಸು ಗಾಢ ಮಾಡಿದೆ, ಉಳಿದದ್ದನ್ನು ತೋಟದ ಮಂಜಿಗೆ ಬಿಟ್ಟೆ. ಈಗ ಕೂದಲೇ ಮಂಜಾಗಿ ಇಳಿದ ಹಾಗಿದೆ. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದ ಜಾಗ ಇದೇ.

ಇನ್ನು ಬಣ್ಣ. ಮೊದಲ ಸಲ ಸೇರಿಸಿದ್ದು ಇದು. ಮಳೆಗಾಲ ಮುಗಿದ ಮೇಲೆ ಗೋಡೆ ಪಾಚಿ ಒಣಗಿರುತ್ತದಲ್ಲ, ಹಾಗೆ ಕಾಣುತ್ತಿದೆ. ಆದರೂ ಆಸೆಯಿಂದ ಅಜ್ಜಿಗೆ ತೋರಿಸಿದೆ. ಅವರು ಫೋನ್ ಹತ್ತಿರ ಹಿಡಿದು ನೋಡಿ, "ಎಂತ ಮಾಡಿದ್ದೀಯೋ? ನನ್ನ ಹಣೆ ಖಾಲಿ ಕಾಣ್ತದಲ್ಲ" ಅಂದರು. ಅಜ್ಜ ಅಲ್ಲೇ ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ನನಗೆ ಒಂಥರಾ ಆಯ್ತು. ಕುಂಕುಮ ಹೋದದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಆ ರಾತ್ರಿ, ಬಣ್ಣದ ಅಂಕಿ ತೋರಿಸುವ ಕಲರ್ ಪಿಕರ್ ಇಟ್ಟು ನೋಡಿದೆ. ಕುಂಕುಮದ ಕೆಂಪು, ಹಸಿರು, ನೀಲಿ ಅಂಕಿ 150, 30, 35. ಅದರ ಮೇಲೆ ಬಿದ್ದ ಅಡಿಕೆ ಸೋಗೆಯದು 100, 112, 50. ಎರಡೂ ಸೇರಿ ಬಂದದ್ದು 191, 129, 78. ಅದು ಅಜ್ಜಿ ಮೈಬಣ್ಣಕ್ಕೆ ಹತ್ತಿರದ ಕಂದು. ಕುಂಕುಮ ಅಳಿಸಿರಲಿಲ್ಲ, ಚರ್ಮದ ಬಣ್ಣದಲ್ಲಿ ಬೆರೆತು ಹೋಗಿತ್ತು. ತೋಟದ ಲೇಯರ್‌ಗೆ ಮಾಸ್ಕ್ ಹಾಕಿ (ಅದರಲ್ಲಿ ಕಪ್ಪು ಬಳಿದ ಕಡೆ ಆ ಲೇಯರ್ ಮರೆಯಾಗುತ್ತದೆ), ಹಣೆಯ ಆ ಒಂದು ಚುಕ್ಕೆ ಮೇಲೆ ಕಪ್ಪು ಬಳಿದೆ. ತೋಟ ಅಲ್ಲಿಂದ ಸರಿದುಕೊಂಡಿತು, ಕೆಂಪು ವಾಪಸ್ ಬಂತು. ಆದರೂ ಮಂಕು.

ಇಲ್ಲಿ ಒಂದು ಹಳೇ ವಿಷಯ ಹೇಳಲೇಬೇಕು. 1824ರಲ್ಲಿ ಪ್ಯಾರಿಸ್‌ನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮಿಷೆಲ್ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥರಾಗಿ ಬಂದರು. ಕಪ್ಪು ನೂಲು ಸರಿಯಾಗಿ ಕಪ್ಪಾಗಿ ಕಾಣುತ್ತಿಲ್ಲ ಅಂತ ಅಲ್ಲಿ ದೂರಿತ್ತು. ಅವರು ಪರೀಕ್ಷೆ ಮಾಡಿದರೆ ನೂಲಿಗೆ ಹಾಕಿದ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲಿನಿಂದ ಕಪ್ಪು ಸಪ್ಪೆಯಾಗಿ ಕಾಣುತ್ತಿತ್ತು. 1839ರಲ್ಲಿ ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದರು. ನನ್ನ ಕುಂಕುಮದ್ದೂ ಇದೇ ಕಥೆ. ಸರಿಮಾಡಬೇಕಾದದ್ದು ಸುತ್ತಲಿನ ಬಣ್ಣವನ್ನು.

ಕೆಂಪಿನ ಎದುರು ಹಸಿರು ಅಂತ ಶಾಲೆಯ ಡ್ರಾಯಿಂಗ್ ಕ್ಲಾಸಲ್ಲಿ ಕಲಿತಿದ್ವಿ ಅಲ್ವಾ? ಅದು ಕುಂಚ ಹಿಡಿಯುವವರ ಚಕ್ರ. ಕಂಪ್ಯೂಟರ್ ಪರದೆ ಬೆಳಕಿನಿಂದ ಕೆಲಸ ಮಾಡುತ್ತದೆ, ಅಲ್ಲಿ ಕೆಂಪಿನ ಎದುರು ಸಯಾನ್ (ನೀಲಿ ಹಸಿರು), ಹಸಿರಿನ ಎದುರು ಮಜೆಂಟಾ (ನೇರಳೆ ಗುಲಾಬಿ), ನೀಲಿ ಎದುರು ಹಳದಿ. ಎದುರು ಬಣ್ಣ ಪಕ್ಕದಲ್ಲಿದ್ದರೆ ಎರಡೂ ಎದ್ದು ಕಾಣುತ್ತವೆ. ಹಾಗಾದರೆ ಎಲೆಗಳನ್ನು ಸ್ವಲ್ಪ ಸಯಾನ್ ಕಡೆ ತಳ್ಳಬೇಕು. ಒಂದೊಂದು ಬಣ್ಣವನ್ನೇ ಬದಲಿಸುವ ಹ್ಯೂ ಸ್ಯಾಚುರೇಶನ್ ತೆರೆದು ಹಸಿರು ಆರಿಸಿ ಎಳೆದೆ. ಏನೂ ಆಗಲಿಲ್ಲ! ಬಣ್ಣದ ಚಕ್ರದಲ್ಲಿ ಹಳದಿ 60 ಡಿಗ್ರಿ, ಹಸಿರು 120. ನಮ್ಮ ಸೋಗೆ 72ರಲ್ಲಿತ್ತು. ಕಣ್ಣಿಗೆ ಹಚ್ಚ ಹಸಿರು, ಲೆಕ್ಕದಲ್ಲಿ ಹಳದಿ. ಗಿಡಮರದ ಫೋಟೋ ಎಡಿಟ್ ಮಾಡುವವರು ಮೊದಲು ಹಳದಿಯನ್ನೇ ಎಳೆದು ನೋಡಿ.

ಈಗ ಎರಡೂ ಪಕ್ಕಪಕ್ಕ ನೋಡಿ. ಎಡಗಡೆ ಹಳೇ ಹಳದಿ ತೋಟ, ಬಲಗಡೆ ನೀಲಿ ಬೆರೆತ ಹಸಿರು. ಎರಡರಲ್ಲೂ ಕುಂಕುಮ ಅದೇ 150, 30, 35. ಒಂದು ಅಂಕಿಯೂ ಬದಲಾಗಿಲ್ಲ. ಆದರೆ ಬಲಗಡೆಯದ್ದು ಈಗಷ್ಟೇ ಇಟ್ಟ ಹಾಗೆ ಕಾಣುತ್ತಿದೆ.

ಇದನ್ನೆಲ್ಲ ಓದುವಾಗ ಭೌತಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಅವರ ವಿಷಯವೂ ಸಿಕ್ಕಿತು. 1861ರಲ್ಲಿ ಲಂಡನ್ನಿನಲ್ಲಿ ಅವರು ಬಣ್ಣದ ರಿಬ್ಬನ್ ಒಂದರ ಮೂರು ಕಪ್ಪು ಬಿಳುಪು ಫೋಟೋಗಳನ್ನು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಒಂದರ ಮೇಲೊಂದು ಬಿಟ್ಟು ಬಣ್ಣದ ಚಿತ್ರ ತೋರಿಸಿದ್ದರು. ನಾವು ದಿನಾ ಫೋನಲ್ಲಿ ನೋಡುವ ಫೋಟೋ ಕೂಡ ಹಾಗೆ ಮೂರು ಪದರ ಸೇರಿ ಆದದ್ದೇ.

ಭಾನುವಾರ ಅಜ್ಜಿಗೆ ಮತ್ತೆ ತೋರಿಸಿದೆ, ಈ ಸಲ ಲ್ಯಾಪ್‌ಟಾಪ್‌ನಲ್ಲಿ, ದೊಡ್ಡದಾಗಿ. ಕನ್ನಡಕ ಹಾಕಿಕೊಂಡು ಮೊದಲು ಹಣೆ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಪರದೆ ಮೇಲೆ ಬೆರಳಿಟ್ಟು, "ಈ ಬಾಗಿದ ಮರ ಕೆರೆ ಪಕ್ಕದ್ದಲ್ವನಾ?" ಅಂದರು.

ಹೌದು, ಅದೇ ಮರ. ಈಗ ಅವರ ಕಿವಿಯ ಓಲೆ ಪಕ್ಕದಲ್ಲಿ ನಿಂತಿದೆ.