ಕಡಲಿಗೊಂದು ರಹದಾರಿ

ಹನ್ನೆರಡು ತುಂಡು ಪಟ್ಟೆ ಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೊಪ್ಪಿಗೆ, ನಾಲ್ಕು ಎಳೆ ಹವಳ, ಕೈ ತೊಳೆಯುವ ಆರು ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನುತುಪ್ಪ. 1498ರಲ್ಲಿ ಕಲ್ಲಿಕೋಟೆಯ ಅರಸ ಸಾಮೂದಿರಿಗೆ ಒಪ್ಪಿಸಲೆಂದು ವಾಸ್ಕೋ ಡ ಗಾಮ ಜೋಡಿಸಿಟ್ಟಿದ್ದ ಕಾಣಿಕೆ ಇಷ್ಟೇ. ಅವನ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯ ಪ್ರಕಾರ, ಅದನ್ನು ಪರೀಕ್ಷಿಸಲು ಬಂದ ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚಿನದನ್ನು ತರುತ್ತಾನೆ, ಅರಸರಿಗೆ ಕೊಡುವುದಿದ್ದರೆ ಚಿನ್ನ ಕೊಡಿ ಎಂದರು.

ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ಬೆಳೆದ ನಮಗೆ ಆ ನಗೆ ಕೇಳಿಸಿದ್ದು ಕಡಿಮೆ. ಆಫ್ರಿಕಾದ ತುದಿಯನ್ನು ಬಳಸಿ ಬಂದದ್ದು ಸಣ್ಣ ಸಾಹಸವೆಂದು ನಾನು ಹೇಳುವುದಿಲ್ಲ. ಆದರೆ ಪೂರ್ವ ಆಫ್ರಿಕಾದ ಬಂದರು ಮಾಲಿಂದಿಯಿಂದ ಕಲ್ಲಿಕೋಟೆಯವರೆಗಿನ ದಾರಿಯನ್ನು ಗಾಮನಿಗೆ ತೋರಿಸಿದವನು ಅಲ್ಲಿಯೇ ಸಿಕ್ಕ ಒಬ್ಬ ಮಾರ್ಗದರ್ಶಿ. ಆ ದಾರಿ ಸವೆದದ್ದು ಇಪ್ಪತ್ಮೂರೇ ದಿನಗಳಲ್ಲಿ. ದಡಕ್ಕೆ ಮೊದಲು ಕಳುಹಿಸಿದ ಪೋರ್ಚುಗೀಸನನ್ನು ಇಲ್ಲಿ ಎದುರುಗೊಂಡವರೋ ಅವನ ನೆರೆನಾಡಿನ ಭಾಷೆಯನ್ನು ಬಲ್ಲ, ಟ್ಯೂನಿಸ್ಸಿನ ಇಬ್ಬರು ವ್ಯಾಪಾರಿಗಳು. ಹಾಗಾದರೆ ಆ ಯಾನದಿಂದ ಲೋಕಕ್ಕೆ ಹೊಸದಾಗಿ ಬಂದದ್ದೇನು? ನನ್ನ ಅಭಿಪ್ರಾಯದಲ್ಲಿ ಅದು ದಾರಿಯಲ್ಲ, ದಾರಿಯ ನಡುವೆ ನಿಂತು ಯಾರನ್ನು ಕೇಳಿ ಹೊರಟಿರಿ ಎಂದು ಪ್ರಶ್ನಿಸುವ ಅಧಿಕಾರ.

ಅದಕ್ಕೂ ಮುನ್ನ ಈ ಕಡಲು ಸಾಧುಗಳ ಆಶ್ರಮವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ರಾಜೇಂದ್ರ ಚೋಳನ ನೌಕೆಗಳು 1025ರ ಸುಮಾರಿಗೆ ಸುಮಾತ್ರಾದ ಶ್ರೀವಿಜಯ ರಾಜ್ಯದ ಬಂದರುಗಳನ್ನು ಕೊಳ್ಳೆ ಹೊಡೆದಿದ್ದವು. ನಮ್ಮ ಹೊನ್ನಾವರದ ತಿಮ್ಮಯ್ಯನೂ ಕಡಲ್ಗಳ್ಳತನಕ್ಕೆ ಹೆಸರಾದವನೇ. ಆದರೂ ಅರಬ್ಬಿ ಸಮುದ್ರದಲ್ಲಿ ಸುಂಕದ ಕಟ್ಟೆ ಇರುತ್ತಿದ್ದದ್ದು ಬಂದರಿನಲ್ಲಿ. ಹಡಗು ದಡ ಮುಟ್ಟಿದರೆ ಸುಂಕ, ಮುಟ್ಟದಿದ್ದರೆ ಅದರ ದಾರಿ ಅದಕ್ಕೆ. ಆಳವಾದ ನೀರು ನನ್ನದು ಎಂದು ಇಲ್ಲಿನ ಅರಸರು ಶಾಸನ ಹೊರಡಿಸುತ್ತಿರಲಿಲ್ಲ.

ಪೋರ್ಚುಗೀಸರು ಹೊರಡಿಸಿದರು. ಸ್ಪೇನ್ ಮತ್ತು ಪೋರ್ಚುಗಲ್ 1494ರಲ್ಲಿ ತೋರ್ದೆಸಿಲಾಸ್ ಎಂಬ ಊರಿನಲ್ಲಿ ಕುಳಿತು, ಅಟ್ಲಾಂಟಿಕ್ಕಿನ ಮೇಲೆ ಗೆರೆ ಎಳೆದು, ಯುರೋಪಿನಾಚೆಯ ಲೋಕವನ್ನು ಪಾಲು ಮಾಡಿಕೊಂಡಿದ್ದವು. ಗಾಮ ಮರಳಿದ ಮೇಲೆ ದೊರೆ ಮನುವೆಲ್ ತನ್ನನ್ನು ಇಥಿಯೋಪಿಯ, ಅರೇಬಿಯ, ಪರ್ಶಿಯ, ಇಂಡಿಯಾಗಳ ವಿಜಯ, ನೌಕಾಯಾನ, ವಾಣಿಜ್ಯಗಳ ಒಡೆಯನೆಂದು ಕರೆದುಕೊಂಡ. ಈ ಬಿರುದನ್ನು ನೀರಿನ ಮೇಲೆ ಜಾರಿಗೆ ತಂದ ಸಾಧನವೇ ಕಾರ್ತಾಜ್. ಅದು ಒಂದು ಹಾಳೆ, ಕಡಲಲ್ಲಿ ಸಾಗಲು ಅವರು ಕೊಡುತ್ತಿದ್ದ ರಹದಾರಿ. ಹೆಸರಿನ ಮೂಲವೂ ಅರಬ್ಬಿಯ ಕಿರ್ತಾಸ್, ಅಂದರೆ ಕಾಗದ. ಹಡಗಿನ ಹೆಸರು, ಗಾತ್ರ, ನಾಯಕ ಯಾರು, ಆಳುಗಳೆಷ್ಟು, ಆಯುಧಗಳೆಷ್ಟು, ಎಲ್ಲಿಂದ ಎಲ್ಲಿಗೆ, ಯಾವ ಸರಕನ್ನು ಹೇರಬಾರದು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಕಾಗದದ ಬೆಲೆ ಅಲ್ಪ. ಅಸಲು ಹಣವಿದ್ದದ್ದು ಗೋವೆ, ದೀವ್, ಹೋರ್ಮುಜ್‌ಗಳಲ್ಲಿ ನಿಂತು ಕಟ್ಟಬೇಕಾದ ಸುಂಕದಲ್ಲಿ. ಹಾಳೆಯಿಲ್ಲದೆ ಸಿಕ್ಕಿಬಿದ್ದ ಹಡಗು ಸರಕಿನ ಸಮೇತ ಜಪ್ತಿಯಾಗುತ್ತಿತ್ತು, ಅದರಲ್ಲಿದ್ದವರ ಗತಿ ಹಿಡಿದವನ ಮರ್ಜಿಗೆ ಬಿಟ್ಟದ್ದು.

ಅಕ್ಬರನ ಸೋದರತ್ತೆ, ಬಾಬರನ ಮಗಳು ಗುಲ್ಬದನ್ ಬೇಗಂ 1575ರಲ್ಲಿ ಅಂತಃಪುರದ ಹೆಂಗಸರೊಂದಿಗೆ ಹಜ್ ಯಾತ್ರೆಗೆ ಹೊರಟಾಗ, ಈ ಹಾಳೆಯ ತಕರಾರಿನಿಂದ ಸೂರತ್ತಿನಲ್ಲಿ ಸುಮಾರು ಒಂದು ವರ್ಷ ಕಾಯಬೇಕಾಯಿತು. ಉತ್ತರ ಭಾರತವನ್ನೇ ಆಳುತ್ತಿದ್ದ ಮನೆತನದವರು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಕೂತಂತಾಯಿತು. ಕಾರ್ತಾಜಿನ ಮೇಲೆ ಮೇರಿ ಮತ್ತು ಯೇಸುವಿನ ಚಿತ್ರಗಳಿರುವುದರಿಂದ ಅದನ್ನು ಹಿಡಿದು ಮೆಕ್ಕಾಕ್ಕೆ ಹೋಗುವುದು ಸಲ್ಲದೆಂದು ಆಸ್ಥಾನದ ಪಂಡಿತರು ವಾದಿಸಿದ್ದೂ ಉಂಟು. ಹಾಳೆಯಿದ್ದರೂ ಭರವಸೆಯಿರಲಿಲ್ಲ: ಜಹಾಂಗೀರನ ತಾಯಿಯ ಹಡಗು ರಹೀಮಿಯನ್ನು 1613ರಲ್ಲಿ, ಕಾರ್ತಾಜ್ ಇದ್ದಾಗಲೇ, ಪೋರ್ಚುಗೀಸರು ಹಿಡಿದು ಗೋವೆಗೆ ಎಳೆದೊಯ್ದರು.

ನಮ್ಮ ಕರಾವಳಿಗೆ ಈ ವ್ಯವಸ್ಥೆ ಬಂದದ್ದು ಅಕ್ಕಿಯ ಮೂಲಕ. 1502ರಲ್ಲಿ ಮರಳಿ ಬಂದ ಗಾಮ ಭಟ್ಕಳದ ಮೇಲೆ ಹೇರಿದ ಕಪ್ಪ ಹೊನ್ನಿನದಲ್ಲ, ಅಕ್ಕಿಯದು. 1510ರಲ್ಲಿ ತಿಮ್ಮಯ್ಯನ ನೆರವಿನಿಂದಲೇ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವೆಯನ್ನು ಗೆದ್ದ ಮೇಲಂತೂ ಆ ನಗರದ ಹೊಟ್ಟೆ ತುಂಬುವುದಕ್ಕೆ ಬಸ್ರೂರು, ಮಂಗಳೂರುಗಳ ಅಕ್ಕಿಯೇ ಬೇಕಾಯಿತು, ಅದನ್ನು ಹೊತ್ತ ದೋಣಿಸಾಲುಗಳಿಗೆ ಯುದ್ಧನೌಕೆಗಳ ಕಾವಲು ಬಂತು. ಉಳ್ಳಾಲದ ಅಬ್ಬಕ್ಕ ಮಣಿಯದೆ ನಿಂತದ್ದನ್ನು ನಾವು ಶೌರ್ಯದ ಕತೆಯಾಗಿ ಮಾತ್ರ ಹಾಡುತ್ತೇವೆ. ಜಗಳದ ಬೇರು ಇದ್ದದ್ದು ಕಪ್ಪ ಕೊಡಬೇಕೆ, ಕಲ್ಲಿಕೋಟೆಯೊಂದಿಗೆ ತನಗೆ ಬೇಕಾದಂತೆ ವ್ಯಾಪಾರ ಮಾಡಬಹುದೆ ಎಂಬ ಲೆಕ್ಕಾಚಾರದಲ್ಲಿ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರುಗಳ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ.

ಇನ್ನು ಮೆಣಸಿನಕಾಯಿ, ಗೇರು, ಅನಾನಸ್, ಹೆಸರಿನಲ್ಲೇ ಊರು ಹೇಳುವ ಪರಂಗಿ ಹಣ್ಣು. ಈ ಯಾನಗಳ ಫಲವೆಂದರೆ ಎಲ್ಲರೂ ಕೊಡುವ ಪಟ್ಟಿ ಇದು, ಬ್ಯಾಡಗಿಯ ಕೆಂಪಿಲ್ಲದ ಸಾರನ್ನು ನಾನೂ ಉಣ್ಣಲಾರೆ. ಆದರೆ ಆ ಬೀಜಗಳು ಯಾರ ಅಪ್ಪಣೆಯನ್ನೂ ಕಾಯದೆ ಕೈಯಿಂದ ಕೈಗೆ ಹರಡಿದವು. ಲೋಕದ ನಡೆಯನ್ನು ಬದಲಿಸಿದ್ದು ಅಪ್ಪಣೆಯ ಚೀಟಿ.

ಆ ಚೀಟಿಯನ್ನು ತಾತ್ವಿಕವಾಗಿ ಪ್ರಶ್ನಿಸಿದವರೂ ಯುರೋಪಿನವರೇ. 1603ರಲ್ಲಿ ಸಿಂಗಪುರದ ಬಳಿ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಡಚ್ಚರು ದೋಚಿದಾಗ, ಅದನ್ನು ಸಮರ್ಥಿಸಲು ಹೊರಟ ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್, ಸಮುದ್ರ ಯಾರ ಸ್ವತ್ತೂ ಆಗಲಾರದೆಂದು 1609ರಲ್ಲಿ ವಾದಿಸಿದ. ಬಹುಕಾಲದಿಂದ ತಿಳಿದಿದ್ದ ಇಂಡಿಯಾವನ್ನು ಕಂಡುಹಿಡಿದೆವೆಂದು ಹೇಳಿಕೊಳ್ಳುವ ಹಕ್ಕು ಪೋರ್ಚುಗೀಸರಿಗಿಲ್ಲವೆಂದೂ ಬರೆದ. ನಮ್ಮ ಪಠ್ಯಪುಸ್ತಕಗಳಿಗಿಂತ ಮುನ್ನೂರು ವರ್ಷ ಮುಂದಿದ್ದ! ಅವನ ನಾಡಿನವರೇ ಹನ್ನೆರಡು ವರ್ಷಗಳ ಬಳಿಕ, ಜಾಯಿಕಾಯಿಯನ್ನು ತಮ್ಮ ಹೊರತು ಬೇರೆಯವರಿಗೆ ಮಾರಬಾರದೆಂಬ ಹಟದಲ್ಲಿ ಇಂದಿನ ಇಂಡೋನೇಷ್ಯಾದ ಬಾಂದಾ ದ್ವೀಪಗಳ ಜನರನ್ನು ಬಹುಪಾಲು ಕೊಂದು, ಉಳಿದವರನ್ನು ಗುಲಾಮರಾಗಿಸಿದರು. ಆಂಗ್ಲರೂ ರಹದಾರಿ ಬರೆಯಲು ಕಲಿತರು. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ಅದೇ ವಿದ್ಯೆಯನ್ನು ಅವರ ಮೇಲೆ ತಿರುಗಿಸಿ, ಕೊಂಕಣದ ನೀರಿನಲ್ಲಿ ಸಾಗಲು ತನ್ನ ದಸ್ತಕ್, ಅಂದರೆ ರಹದಾರಿ, ಬೇಕೆಂದಾಗ ಅವರು ಅವನನ್ನು ಕಡಲ್ಗಳ್ಳನೆಂದು ಕರೆದರು.

1982ರ ವಿಶ್ವಸಂಸ್ಥೆಯ ಸಮುದ್ರ ಒಪ್ಪಂದದಂತೆ ಪ್ರತಿ ದೇಶಕ್ಕೆ ದಡದಿಂದ 12 ನಾಟಿಕಲ್ ಮೈಲಿಯ ಒಡೆತನವೂ, 200 ಮೈಲಿಯವರೆಗೆ ಮೀನು, ಎಣ್ಣೆಗಳ ಮೇಲಿನ ಹಕ್ಕೂ ಸಿಗುತ್ತವೆ. ಇದು ಕಾರ್ತಾಜಿಗಿಂತ ಎಷ್ಟೋ ನ್ಯಾಯವಾದ ಹಂಚಿಕೆ, ಭಾರತಕ್ಕೂ ಇದರಿಂದ ಲಾಭವಿದೆ. ಆದರೂ ನೀರಿನ ಮೇಲೆ ಗೆರೆ ಎಳೆಯಬಹುದೆಂಬ ನಂಬಿಕೆಯೇ ಇದರ ತಳಪಾಯವೂ ಹೌದು.

ಕಾರವಾರದ ಎದುರಿಗೆ ಅಂಜದೀವ್ ಎಂಬ ಪುಟ್ಟ ದ್ವೀಪವಿದೆ. ಗಾಮ 1498ರಲ್ಲಿ ಮರಳುವಾಗ ಹಡಗಿನ ದುರಸ್ತಿಗೆ ತಂಗಿದ್ದು ಅಲ್ಲಿ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಕೋಟೆ ಕಟ್ಟಿಸಿದ್ದೂ ಅಲ್ಲಿಯೇ. 1961ರ ನವೆಂಬರಿನಲ್ಲಿ, ಸ್ವತಂತ್ರ ಭಾರತದ ಸಾಬರ್ಮತಿ ಎಂಬ ಪ್ರಯಾಣಿಕರ ಹಡಗು ಹಾದುಹೋಗುವಾಗ ಅದೇ ದ್ವೀಪದಿಂದ ಪೋರ್ಚುಗೀಸ್ ಗುಂಡು ಹಾರಿತು; ಮರುತಿಂಗಳು ಅದನ್ನು ವಶಪಡಿಸಿಕೊಳ್ಳುವಾಗ ನಮ್ಮ ಏಳು ನಾವಿಕರು ಮಡಿದರು. ಈಗ ಅದು ಕದಂಬ ನೌಕಾನೆಲೆಯ ಭಾಗವಾಗಿ, ಅಲೆತಡೆಗೋಡೆಯ ಮೂಲಕ ದಡಕ್ಕೆ ಅಂಟಿಕೊಂಡಿದೆ. ನೌಕಾಪಡೆಯ ಅಪ್ಪಣೆಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ.